ಗೂಡಿನಲ್ಲಿರುವ ಮೊಲದ ಎಳೆಮರಿಗಳು: ತೊಂದರೆ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ಮೊಲ ಮರಿ ಹಾಕಿದ ಮರುದಿನ, ಹೊಸದಾಗಿ ಮೊಲ ಸಾಕುವವರ ಬಾಯಲ್ಲಿ ಬರುವ ಮಾತು ಬಹುತೇಕ ಒಂದೇ ಆಗಿರುತ್ತದೆ: ತಾಯಿ ಗೂಡಿನ ಹತ್ತಿರವೂ ಸುಳಿಯುತ್ತಿಲ್ಲ, ಮರಿಗಳನ್ನು ಬಿಟ್ಟುಬಿಟ್ಟಿದೆ. ನಾಯಿ, ಬೆಕ್ಕುಗಳು ಮರಿಗಳನ್ನು ಮಗ್ಗುಲಲ್ಲೇ ಹಾಕಿಕೊಂಡು ಮಲಗುವುದನ್ನು ನೋಡಿದ ಕಣ್ಣಿಗೆ ಹಾಗೆ ತೋರುವುದು ಸಹಜ. ಮೊಲದ ತಾಯ್ತನದ ರೀತಿ ಬೇರೆ. ತಾಯಿಮೊಲ ಮರಿಗಳ ಮೇಲೆ ಕೂತು ಕಾವು ಕೊಡುವುದಿಲ್ಲ. ದಿನಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ, ಹೆಚ್ಚಾಗಿ ರಾತ್ರಿಯಲ್ಲೋ ನಸುಕಿನಲ್ಲೋ ಗೂಡಿಗಿಳಿದು, ಮರಿಗಳ ಮೇಲೆ ನಿಂತು ಮೂರರಿಂದ ಐದು ನಿಮಿಷ ಹಾಲೂಡಿಸಿ, ಹೊರಗೆ ಹಾರಿಬಿಡುತ್ತದೆ. ಬಿಲದಲ್ಲಿ ಮರಿ ಹಾಕುವ ಪ್ರಾಣಿ ಪದೇ ಪದೇ ಗೂಡಿಗೆ ಹೋಗಿಬಂದರೆ ಹೊಂಚುಹಾಕುವ ಶತ್ರುಗಳಿಗೆ ತಾನೇ ದಾರಿ ತೋರಿಸಿದಂತಾಗುತ್ತದೆ. ಆ ಸ್ವಭಾವವನ್ನು ಪಂಜರದಲ್ಲಿ ಹುಟ್ಟಿ ಬೆಳೆದ ಮೊಲವೂ ಬಿಟ್ಟಿಲ್ಲ. ಆದ್ದರಿಂದ ತಾಯಿ ಏನು ಮಾಡುತ್ತಿದೆ ಎಂಬುದನ್ನು ನೋಡಿ ಮರಿಗಳ ಸ್ಥಿತಿಯನ್ನು ಊಹಿಸಬಾರದು. ಮರಿಯ ಮೈ ಬೆಚ್ಚಗಿದೆಯೇ, ಹೊಟ್ಟೆ ತುಂಬಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಮರಿಯ ಮೈಗೇ ಕೇಳಬೇಕು, ಅದೂ ಇದೇ ಅನುಕ್ರಮದಲ್ಲಿ ಕೇಳಬೇಕು.

ಈ ಅನುಕ್ರಮವನ್ನು ನಾನು ಕಲಿತದ್ದು ಒಂದು ಮರಿಯನ್ನು ಕಳೆದುಕೊಂಡ ಮೇಲೆ. ನಾನು ಸಾಕಿದ ಮೊದಲ ಹೆಣ್ಣುಮೊಲ ಐದು ಮರಿ ಹಾಕಿದಾಗ ಇಡೀ ಹಗಲು ಅದು ಗೂಡಿಗೆ ಹೋಗದ್ದನ್ನು ಕಂಡು ಗಾಬರಿಯಾಗಿ, ಸಂಜೆ ಎಲ್ಲ ಮರಿಗಳಿಗೂ ಸಿರಿಂಜಿನಿಂದ ಹಾಲು ಕುಡಿಸಿದೆ. ಒಂದರ ಮೂಗಿನಿಂದ ಹಾಲು ಹೊರಬಂತು. ಎರಡನೆಯ ದಿನ ಅದು ಸತ್ತಿತು. ಅಂದು ಅವುಗಳ ಹೊಟ್ಟೆ ದುಂಡಗಿತ್ತು, ಮೈ ಬಿಸಿಯಾಗಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ನೋಡಿದ್ದೆ, ಆದರೆ ಅದರ ಅರ್ಥ ತಿಳಿದಿರಲಿಲ್ಲ.

ಪರೀಕ್ಷೆ ಮಾಡುವ ಬಗೆ

ಮನುಷ್ಯರ ಕೈ ತಾಗಿದರೆ ತಾಯಿ ಮರಿಗಳನ್ನು ದೂರಮಾಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಕಿದ ಮೊಲದ ವಿಷಯದಲ್ಲಿ ಇದು ನಿಜವಲ್ಲ. ತನ್ನನ್ನು ದಿನವೂ ಮುಟ್ಟುವವರ ವಾಸನೆ ಅದಕ್ಕೆ ಪರಿಚಿತವೇ. ಈ ಭಯದಿಂದ ಗೂಡನ್ನು ಒಂದು ವಾರ ಮುಟ್ಟದೆ ಬಿಟ್ಟು, ಒಳಗೆ ಸತ್ತ ಮರಿಯೊಂದು ಕೊಳೆತು ಉಳಿದವೂ ಅಪಾಯಕ್ಕೆ ಸಿಲುಕುವುದು ಹೆಚ್ಚು ದುಃಖದ ಸಂಗತಿ. ಕೈಯನ್ನು ಪರಿಮಳವಿಲ್ಲದ ಸೋಪಿನಿಂದ ತೊಳೆದು ಒರೆಸಿಕೊಂಡು, ತಾಯಿಯ ಬೆನ್ನನ್ನೋ ಅದು ಮಲಗುವ ಒಣಹುಲ್ಲನ್ನೋ ಒಮ್ಮೆ ಸವರಿ, ತಾಯಿಗೆ ಸೊಪ್ಪನ್ನೋ ಬೇರೇನಾದರೂ ಇಷ್ಟದ ತಿನಿಸನ್ನೋ ಕೊಟ್ಟು ಅದರ ಗಮನ ಬೇರೆಡೆ ಇರುವಾಗ ಗೂಡನ್ನು ನೋಡಿದರೆ ಸಾಕು. ಸಿಡುಕಿನ ಮೊಲವಾದರೆ ಅದನ್ನು ಐದು ನಿಮಿಷ ಬೇರೆ ಪಂಜರಕ್ಕೆ ಹಾಕುವುದು ಇಬ್ಬರಿಗೂ ಒಳ್ಳೆಯದು.

ಮೊದಲ ಪರೀಕ್ಷೆ ಮರಿ ಹಾಕಿದ ದಿನವೇ ಆಗಬೇಕು. ತಾಯಿ ತನ್ನ ಹೊಟ್ಟೆಯಿಂದ ಕಿತ್ತು ಗೂಡಿಗೆ ಹೊದಿಸಿದ ತುಪ್ಪಳವನ್ನು ಬೆರಳಿನಿಂದ ಮೆಲ್ಲನೆ ಸರಿಸಿ ಮರಿಗಳನ್ನು ಎಣಿಸಿ, ಸತ್ತವುಗಳಿದ್ದರೆ ತೆಗೆದು, ಉಳಿದ ಮಾಸು ಮತ್ತು ರಕ್ತದಿಂದ ಒದ್ದೆಯಾದ ಹುಲ್ಲನ್ನು ಹೊರಹಾಕಿ, ಒಣ ಭಾಗವನ್ನು ಹಾಗೆಯೇ ಬಿಡಬೇಕು. ಎಣಿಕೆಯನ್ನು ಬರೆದಿಡುವುದು ಅತ್ಯಗತ್ಯ, ಏಕೆಂದರೆ ನಾಳೆ ಒಂದು ಮರಿ ಕಡಿಮೆಯಾದರೆ ಅದು ಹುಲ್ಲಿನ ಅಡಿಯಲ್ಲಿ ಎಲ್ಲೋ ತಣ್ಣಗೆ ಬಿದ್ದಿದೆ ಎಂದು ಗೊತ್ತಾಗುವುದು ಆ ಎಣಿಕೆಯಿಂದಲೇ. ಆಮೇಲೆ ದಿನಕ್ಕೊಂದು ಬಾರಿ, ಸಾಧ್ಯವಾದಷ್ಟು ಬೆಳಗ್ಗೆ, ಅಂದರೆ ರಾತ್ರಿಯ ಹಾಲೂಡಿಕೆ ಮುಗಿದ ಮೇಲೆ ನೋಡುವುದು ಲೇಸು; ಸಂಜೆ ನೋಡಿದರೆ ಚೆನ್ನಾಗಿ ಕುಡಿದ ಮರಿಯ ಹೊಟ್ಟೆಯೂ ತುಸು ಇಳಿದಿರುತ್ತದೆ ಮತ್ತು ಅನಗತ್ಯ ಆತಂಕಕ್ಕೆ ಕಾರಣವಾಗುತ್ತದೆ. ಗೂಡಿನಲ್ಲಿ ಒಂದೆರಡು ಒಣ ಹಿಕ್ಕೆಗಳು ಕಂಡರೆ ತೆಗೆಯುವ ಅಗತ್ಯವಿಲ್ಲ. ತಾಯಿ ಹಾಲೂಡಿಸುವಾಗ ಅವನ್ನು ಅಲ್ಲಿ ಬಿಟ್ಟುಹೋಗುತ್ತದೆ, ಮರಿಗಳು ಒಂದು ವಾರದ ನಂತರ ಅವುಗಳನ್ನು ಮೆಲ್ಲುತ್ತವೆ, ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳು ಆ ಮೂಲಕವೂ ಸೇರುತ್ತವೆ.

ಆರೋಗ್ಯವಾಗಿರುವ ಗೂಡು ಹೇಗಿರುತ್ತದೆ ಎಂದು ಮೊದಲು ಕೈಗೆ ತಿಳಿದಿರಬೇಕು. ಮರಿಗಳು ತುಪ್ಪಳದ ನಡುವೆ ಒಂದಕ್ಕೊಂದು ಒತ್ತಿಕೊಂಡು ಸದ್ದಿಲ್ಲದೆ ಮಲಗಿರುತ್ತವೆ. ಬೆರಳು ತಾಗಿದ ಕೂಡಲೇ, ತಾಯಿಯೇ ಬಂತೆಂದು ಎಣಿಸಿ, ಮೈಯನ್ನು ಚಿಮ್ಮಿಸಿ ಮೂತಿಯನ್ನು ಮೇಲಕ್ಕೆತ್ತಿ ಹುಡುಕುತ್ತವೆ. ಕೈಯನ್ನು ಗುಂಪಿನ ಮೇಲೆ ಇಟ್ಟರೆ ಕಾವು ತಟ್ಟುತ್ತದೆ. ಚರ್ಮ ಬಿಗಿಯಾಗಿ ನುಣುಪಾಗಿರುತ್ತದೆ. ಬಿಳಿಯ ಅಥವಾ ತಿಳಿಬಣ್ಣದ ಮರಿಗಳಲ್ಲಿ ಹೊಟ್ಟೆಯ ತೆಳುಚರ್ಮದ ಮೂಲಕ ಕುಡಿದ ಹಾಲು ಬೆಳ್ಳಗಿನ ಪಟ್ಟಿಯಂತೆ ಕಾಣುತ್ತದೆ. ಕಪ್ಪು ಮರಿಗಳಲ್ಲಿ ಇದು ಕಾಣದು, ಅಲ್ಲಿ ಹೊಟ್ಟೆಯ ದುಂಡನ್ನೇ ನಂಬಬೇಕು.

ಮೈ ತಣ್ಣಗಿದ್ದರೆ

ತಣ್ಣಗಾದ ಮರಿಯ ವಿಷಯದಲ್ಲಿ ಉಳಿದ ಎಲ್ಲ ಪ್ರಶ್ನೆಗಳನ್ನೂ ಬದಿಗಿಡಬೇಕು. ಹುಟ್ಟಿದ ಮರಿಗೆ ಮೈಮೇಲೆ ಕೂದಲಿಲ್ಲ, ದೊಡ್ಡ ಮೊಲದಂತೆ ನಡುಗಿ ಕಾವು ಹುಟ್ಟಿಸಿಕೊಳ್ಳುವ ಶಕ್ತಿಯೂ ಇಲ್ಲ. ಭುಜಗಳ ನಡುವೆ ಶೇಖರವಾಗಿರುವ ಕಂದು ಕೊಬ್ಬನ್ನು ಉರಿಸಿಯೇ ಅದು ಬೆಚ್ಚಗಿರಬೇಕು. ಆ ಕೊಬ್ಬು ತೀರುವವರೆಗೆ ಮಾತ್ರ ಕಾಲಾವಕಾಶ. ಮೈ ಬೂದು ಅಥವಾ ನೀಲಿಬಣ್ಣಕ್ಕೆ ತಿರುಗಿ, ಚಲನೆ ನಿಧಾನವಾಗಿ, ಬಾಯಿ ಆಗೊಮ್ಮೆ ಈಗೊಮ್ಮೆ ತೆರೆಯುವ ಸ್ಥಿತಿಯಲ್ಲಿರುವ ಮರಿಯನ್ನು ತಕ್ಷಣ ಅಂಗೈಗಳ ನಡುವೆಯೋ ಬಟ್ಟೆಯೊಳಗೆ ಎದೆಗೆ ಒತ್ತಿಯೋ ಹಿಡಿದುಕೊಳ್ಳಬೇಕು. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಅದರ ಪಕ್ಕದಲ್ಲಿ ಮಲಗಿಸಬಹುದು. ಬಟ್ಟೆಯ ಮೇಲೆ ನಮ್ಮ ಮುಂಗೈ ಇಟ್ಟರೆ ಹಿತವಾದ ಬೆಚ್ಚನೆ ಮಾತ್ರ ತಿಳಿಯಬೇಕು, ಚುರುಕು ಮುಟ್ಟಬಾರದು. ಹೇರ್ ಡ್ರೈಯರಿನ ಗಾಳಿಯನ್ನು ಹತ್ತಿರದಿಂದ ಬಿಡುವುದು, ನೇರವಾಗಿ ಬಲ್ಬಿನ ಕೆಳಗಿಡುವುದು ತೆಳುಚರ್ಮವನ್ನು ಸುಡುತ್ತವೆ.

ಸತ್ತಂತೆ ಕಾಣುವ ಮರಿ ಸತ್ತೇ ಇದೆ ಎಂದು ತೀರ್ಮಾನಿಸಲು ಆತುರಪಡಬಾರದು. ಪಂಜರದ ತಂತಿಯ ನೆಲದ ಮೇಲೆ ರಾತ್ರಿಯೆಲ್ಲ ಬಿದ್ದು ಕಲ್ಲಿನಂತೆ ತಣ್ಣಗಾಗಿದ್ದ ಮರಿ ಅರ್ಧ ಗಂಟೆ ಕಾವು ಸಿಕ್ಕಿದ ಮೇಲೆ ಕಾಲಾಡಿಸಿದ್ದನ್ನು ಮೊಲ ಸಾಕುವ ಅನೇಕರು ಕಂಡಿದ್ದಾರೆ. ಮೈ ಸಂಪೂರ್ಣ ಬೆಚ್ಚಗಾದ ನಂತರವೂ ಚಲನೆಯಿಲ್ಲದಿದ್ದರೆ ಮಾತ್ರ ಕೈಬಿಡಿ. ಮತ್ತೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ತಣ್ಣಗಿರುವ ಮರಿಗೆ ಹಾಲು ಕುಡಿಸಲೇಬಾರದು. ಅದಕ್ಕೆ ನುಂಗುವ ಶಕ್ತಿ ಇರುವುದಿಲ್ಲ, ನುಂಗಿದರೂ ಕರುಳು ಕೆಲಸ ಮಾಡುವುದಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿಯುವ ಸಂಭವವೇ ಹೆಚ್ಚು.

ಮರಿ ಬೆಚ್ಚಗಾದ ಮೇಲೆ ಅದು ತಣ್ಣಗಾದದ್ದೇಕೆ ಎಂಬುದನ್ನು ಹುಡುಕಬೇಕು. ಒಂದೇ ಮರಿ ಗೂಡಿನ ಹೊರಗೆ ಸಿಕ್ಕಿದ್ದರೆ, ಹಾಲು ಕುಡಿಯುವಾಗ ತಾಯಿ ಹೊರಕ್ಕೆ ಹಾರಿ, ತೊಟ್ಟು ಕಚ್ಚಿ ಹಿಡಿದಿದ್ದ ಮರಿ ಅದರ ಜೊತೆಗೇ ಎಳೆದುಕೊಂಡು ಬಂದಿರುವುದು ಬಹುಪಾಲು ಕಾರಣ. ಬೆಕ್ಕಿನಂತೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದಕ್ಕೆ ಒಯ್ಯುವ ಅಭ್ಯಾಸ ಮೊಲಕ್ಕಿಲ್ಲ, ಆದ್ದರಿಂದ ಹೊರಬಿದ್ದ ಮರಿಯನ್ನು ನಾವು ಎತ್ತಿಡದಿದ್ದರೆ ಅದು ಅಲ್ಲಿಯೇ ಸಾಯುತ್ತದೆ. ಗೂಡುಪೆಟ್ಟಿಗೆಯ ಮುಂಭಾಗದ ಅಂಚು ತಾಯಿ ಸುಲಭವಾಗಿ ಹಾರುವಷ್ಟು ತಗ್ಗಾಗಿಯೂ, ಮರಿ ತೊಟ್ಟಿನಿಂದ ಕಳಚಿ ಒಳಗೇ ಬೀಳುವಷ್ಟು ಎತ್ತರವಾಗಿಯೂ ಇದ್ದರೆ ಈ ಅಪಘಾತ ಕಡಿಮೆಯಾಗುತ್ತದೆ. ಎಲ್ಲ ಮರಿಗಳೂ ತಂತಿಯ ಮೇಲೆ ಚದುರಿ ಬಿದ್ದಿದ್ದರೆ, ಪೆಟ್ಟಿಗೆಯನ್ನು ತಡವಾಗಿ ಇಟ್ಟಿರಬಹುದು ಅಥವಾ ತಾಯಿಗೆ ಅದು ಮೊದಲ ಬಾಣಂತನವಾಗಿರಬಹುದು. ಮೊಲದ ಗರ್ಭಾವಧಿ 30ರಿಂದ 32 ದಿನ. 27 ಅಥವಾ 28ನೆಯ ದಿನಕ್ಕೆ ಪೆಟ್ಟಿಗೆ ಒಣಹುಲ್ಲಿನೊಡನೆ ಒಳಗಿರಬೇಕು. ಎಲ್ಲವೂ ಗೂಡಿನಲ್ಲೇ ಇದ್ದು ತಣ್ಣಗಿದ್ದರೆ ತುಪ್ಪಳ ಸಾಲದು ಅಥವಾ ಹಾಸು ಒದ್ದೆಯಾಗಿದೆ ಎಂದರ್ಥ. ಮರಿ ಹಾಕುವ ಕಾಲಕ್ಕೆ ತಾಯಿಯ ಹೊಟ್ಟೆಯ ಕೂದಲು ಸಡಿಲಗೊಂಡಿರುತ್ತದೆ. ತಾನಾಗಿ ಕೀಳದ ತಾಯಿಯ ಹೊಟ್ಟೆಯಿಂದ ನಾವೇ ಮೆಲ್ಲಗೆ ಬಿಡಿಸಿ ಗೂಡಿಗೆ ಹಾಕಿದರೆ ಅದಕ್ಕೆ ನೋವಾಗುವುದಿಲ್ಲ, ಮೊಲೆತೊಟ್ಟುಗಳೂ ಮರಿಗಳಿಗೆ ಎಟುಕುವಂತೆ ತೆರವಾಗುತ್ತವೆ. ಹಿಂದಿನ ಹೆರಿಗೆಯ ಶುದ್ಧ ತುಪ್ಪಳವನ್ನು ಒಂದು ಚೀಲದಲ್ಲಿ ಕಾದಿರಿಸಿಕೊಳ್ಳುವುದು ಒಳ್ಳೆಯ ರೂಢಿ. ಹತ್ತಿಯ ಎಳೆ, ಉಣ್ಣೆಯ ನೂಲು ಮುಂತಾದವನ್ನು ಹಾಕಬೇಡಿ. ಎಳೆಗಳು ಮರಿಯ ಕಾಲಿಗೋ ಕುತ್ತಿಗೆಗೋ ಸುತ್ತಿಕೊಂಡು ರಕ್ತ ಹರಿಯುವುದನ್ನು ತಡೆಯುತ್ತವೆ.

ಬೆಚ್ಚಗಿದ್ದೂ ಹಸಿದಿದ್ದರೆ

ಹಸಿದ ಮರಿಯ ಹೊಟ್ಟೆ ಒಳಕ್ಕೆ ಸೇದಿಕೊಂಡಿರುತ್ತದೆ, ಪಕ್ಕೆಯ ಚರ್ಮ ಮುದುಕರ ಕೈಯಂತೆ ಸುಕ್ಕುಗಟ್ಟಿರುತ್ತದೆ. ಗುಂಪಿನಲ್ಲಿ ನೆಮ್ಮದಿಯಾಗಿ ಮಲಗದೆ ಕೀಚಲು ದನಿ ತೆಗೆಯುತ್ತಾ ಗೂಡಿನ ಅಂಚಿಗೆ ತೆವಳುತ್ತದೆ. ಆದರೆ ಹುಟ್ಟಿದ ಮೊದಲ ದಿನ ಹೊಟ್ಟೆ ಖಾಲಿಯಿದ್ದ ಮಾತ್ರಕ್ಕೆ ದೋಷವೆಂದು ತಿಳಿಯಬೇಕಾಗಿಲ್ಲ. ಕೆಲವು ತಾಯಂದಿರು, ಅದರಲ್ಲೂ ಮೊದಲ ಸಲದವರು, ಹಾಲೂಡಿಸಲು ಆರಂಭಿಸುವುದು ಸ್ವಲ್ಪ ತಡವಾಗಿಯೇ. ಬೆಚ್ಚಗಿರುವ ಬಲವಾದ ಮರಿ ಒಂದು ದಿನ ತಡೆದುಕೊಳ್ಳುತ್ತದೆ. 24 ಗಂಟೆ ಕಳೆದೂ ಒಂದೂ ಮರಿಯ ಹೊಟ್ಟೆಯಲ್ಲಿ ಹಾಲು ಕಾಣದಿದ್ದರೆ ಮುಂದಿನ ಹೆಜ್ಜೆ ಇಡಬೇಕು.

ಇಲ್ಲಿ ಗಮನಿಸಬೇಕಾದದ್ದು ಎಲ್ಲ ಮರಿಗಳೂ ಹಸಿದಿವೆಯೋ ಅಥವಾ ಒಂದೆರಡು ಮಾತ್ರವೋ ಎಂಬುದು. ಈ ಒಂದು ಭೇದವೇ ಅರ್ಧ ರೋಗನಿರ್ಣಯ. ಎಲ್ಲವೂ ಹಸಿದಿದ್ದರೆ ದೋಷ ತಾಯಿಯಲ್ಲಿದೆ. ಅದನ್ನು ಮೆಲ್ಲಗೆ ಹಿಡಿದು, ಹೊಟ್ಟೆಯ ಮೇಲಿನ ಎಂಟರಿಂದ ಹತ್ತು ತೊಟ್ಟುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಬೇಕು. ಮೊಲೆ ಮೃದುವಾಗಿ ತುಂಬಿಕೊಂಡಿದ್ದರೆ ಹಾಲಿದೆ, ಉಣಿಸುತ್ತಿಲ್ಲ. ಮೊಲೆ ಗಟ್ಟಿಯಾಗಿ, ಬಿಸಿಯಾಗಿ, ಕೆಂಪು ಅಥವಾ ನೀಲಿಬಣ್ಣಕ್ಕೆ ತಿರುಗಿ, ಮುಟ್ಟಿದಾಗ ತಾಯಿ ಸೆಟೆದುಕೊಂಡರೆ ಅದು ದನಗಳಲ್ಲಿ ಕೆಚ್ಚಲು ಬಾವು ಎನ್ನುವಂಥದೇ ಸೋಂಕು. ಈ ಸ್ಥಿತಿಯಲ್ಲಿ ಪಶುವೈದ್ಯರನ್ನು ಅಂದೇ ಕಾಣಬೇಕು, ಮತ್ತು ಆ ಮರಿಗಳನ್ನು ಬೇರೊಂದು ತಾಯಿಗೆ ಸೇರಿಸಬಾರದು. ಮರಿಗಳ ಬಾಯಿಯ ಮೂಲಕ ಸೋಂಕು ಅದಕ್ಕೂ ಹರಡುತ್ತದೆ. ಮನೆಯಲ್ಲಿರುವ ಮಾತ್ರೆಯನ್ನು ಅಂದಾಜಿನಿಂದ ಕೊಡುವುದಂತೂ ಕೂಡದು. ಪೆನಿಸಿಲಿನ್, ಅಮಾಕ್ಸಿಸಿಲಿನ್ ಗುಂಪಿನ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ತಾಯಿಯೇ ಸಾಯಬಹುದು.

ಮೊಲೆ ಸಪ್ಪಗಿದ್ದು ತಾಯಿ ಮೇವು ಮುಟ್ಟದಿದ್ದರೆ ಮೊದಲು ನೀರನ್ನು ನೋಡಿ. ಹಾಲೂಡಿಸುವ ಮೊಲ ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ನೀರು ಕುಡಿಯಬಲ್ಲದು. ನೀರಿನ ಬಾಟಲಿಯ ಮೂತಿಯ ಗುಂಡು ಸಿಕ್ಕಿಕೊಂಡು ಒಂದು ರಾತ್ರಿ ನೀರು ಬಾರದಿದ್ದರೆ ಹಾಲು ಇಳಿಯುವುದಿಲ್ಲ. ಬಾಟಲಿ ತುಂಬಿದೆ ಎಂದು ತೃಪ್ತಿಪಡದೆ ಬೆರಳಿನಿಂದ ಮೂತಿಯನ್ನು ಒತ್ತಿ ಹನಿ ಬೀಳುತ್ತದೆಯೇ ಎಂದು ನೋಡಬೇಕು.

ಹಾಲಿದ್ದೂ ಉಣಿಸದ ತಾಯಿಗೆ ಒಂದು ಉಪಾಯವಿದೆ. ದಿನಕ್ಕೊಮ್ಮೆ, ಅದರಲ್ಲೂ ಬೆಳಗಿನ ಹೊತ್ತು, ಶಾಂತವಾದ ಸ್ಥಳದಲ್ಲಿ ತಾಯಿಯನ್ನು ಗೂಡುಪೆಟ್ಟಿಗೆಯೊಳಗೆ ಮರಿಗಳ ಮೇಲೆ ನಿಲ್ಲಿಸಿ, ತಲೆ ಬೆನ್ನು ಸವರುತ್ತಾ ಐದರಿಂದ ಹತ್ತು ನಿಮಿಷ ಹಿಡಿದಿರಬೇಕು. ಅದಕ್ಕೆ ಮುನ್ನ ಮರಿಗಳು ಬೆಚ್ಚಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಅವು ತೊಟ್ಟನ್ನು ಹುಡುಕುವುದು ತಾಯಿಯಿಂದ ಹೊರಡುವ ವಾಸನೆಯ ಜಾಡಿನಲ್ಲಿ. ಹಾಲಿನಲ್ಲಿರುವ ಅಂಥದೊಂದು ಸಂಕೇತ ರಾಸಾಯನಿಕವನ್ನು 2003ರಲ್ಲಿ ವಿಜ್ಞಾನಿಗಳು ಗುರುತಿಸಿದ್ದಾರೆ. ಬೆಚ್ಚಗಿರುವ ಮರಿ ಕೆಲವೇ ಸೆಕೆಂಡುಗಳಲ್ಲಿ ಬಾಯಿಹಾಕುತ್ತದೆ, ತಣ್ಣಗಿರುವ ಮರಿ ಹುಡುಕುವುದೇ ಇಲ್ಲ. ಹೀಗೆ ಎರಡು ಮೂರು ದಿನ ನಡೆಸಿದರೆ ಹೆಚ್ಚಿನ ತಾಯಂದಿರು ತಾವಾಗಿಯೇ ರೂಢಿಗೆ ಬರುತ್ತಾರೆ.

ಒಂದೆರಡು ಮರಿಗಳು ಮಾತ್ರ ಹಸಿದಿದ್ದು ಉಳಿದವು ಡುಬ್ಬಗಿದ್ದರೆ, ತಾಯಿಯದೇನೂ ತಪ್ಪಿಲ್ಲ. ಪೈಪೋಟಿಯಲ್ಲಿ ಸಣ್ಣವು ಸೋಲುತ್ತಿವೆ. ಮರಿಗಳ ಸಂಖ್ಯೆ ತೊಟ್ಟುಗಳ ಸಂಖ್ಯೆಯನ್ನು ಮೀರಿದಾಗ ಇದು ಸಾಮಾನ್ಯ. ಆಸುಪಾಸಿನ ದಿನಗಳಲ್ಲೇ ಕಡಿಮೆ ಮರಿ ಹಾಕಿದ ಇನ್ನೊಂದು ತಾಯಿಯಿದ್ದರೆ, ಎರಡು ಮೂರು ದಿನಗಳಿಗಿಂತ ಹೆಚ್ಚು ವಯಸ್ಸಿನ ಅಂತರವಿಲ್ಲದ ಗೂಡಿಗೆ ಕೆಲವನ್ನು ಸೇರಿಸಿ, ಅಲ್ಲಿಯ ತುಪ್ಪಳದಲ್ಲಿ ಹುದುಗಿಸಿಡಬಹುದು. ಬೇರೆ ತಾಯಿ ಇಲ್ಲದಿದ್ದರೆ, ದಪ್ಪನಾದವುಗಳನ್ನು ಬೆಚ್ಚಗಿನ ಬುಟ್ಟಿಗೆ ಎತ್ತಿಟ್ಟು ಸಣ್ಣವುಗಳನ್ನು ಮೊದಲು ಕುಡಿಯಲು ಬಿಟ್ಟು, ಆಮೇಲೆ ಉಳಿದವನ್ನು ಸೇರಿಸಬೇಕು. ಇಲ್ಲಿ ತಕ್ಕಡಿ ಕಣ್ಣಿಗಿಂತ ನಂಬಿಕಸ್ಥ. ತಳಿಯನ್ನು ಅವಲಂಬಿಸಿ ಹುಟ್ಟಿದ ಮರಿ ಸುಮಾರು 30ರಿಂದ 80 ಗ್ರಾಂ ತೂಗುತ್ತದೆ ಮತ್ತು ಒಂದು ವಾರದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದರೆ, ಎರಡು ದಿನ ತೂಕ ಏರದ ಮರಿ ಸುಕ್ಕು ಕಾಣಿಸುವ ಮೊದಲೇ ಕೈಗೆ ಸಿಗುತ್ತದೆ.

ಕೈಯಿಂದ ಹಾಲು ಕುಡಿಸುವುದನ್ನು ನಾನು ಕೊನೆಯ ಸಾಲಿನಲ್ಲಿ ಇಡುತ್ತೇನೆ. ತಾಯಿ ಸತ್ತಾಗ ಅಥವಾ ಮೊಲೆ ಸೋಂಕಿದಾಗ ಬೇರೆ ದಾರಿಯಿರುವುದಿಲ್ಲ. ಮೊಲದ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಎರಡೂ ಶೇ. 10ಕ್ಕಿಂತ ಹೆಚ್ಚು, ಹಸುವಿನ ಹಾಲಿನಲ್ಲಿ ಎರಡೂ ಶೇ. 4ರ ಆಸುಪಾಸು, ಜೊತೆಗೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಹೆಚ್ಚು. ಆದ್ದರಿಂದ ಹಸುವಿನ ಹಾಲು ಸಲ್ಲದು, ಬೆಕ್ಕಿನ ಮರಿಗಳಿಗೆಂದು ತಯಾರಿಸಿದ ಹಾಲಿನ ಪುಡಿ ಅದಕ್ಕಿಂತ ಹತ್ತಿರದ್ದು. ಮೊದಲ ವಾರದಲ್ಲಿ ದಿನಕ್ಕೆ ಎರಡು ಬಾರಿ, ಒಂದು ಬಾರಿಗೆ 2ರಿಂದ 2.5 ಮಿ.ಲೀ.ನಷ್ಟು, ಮರಿಯನ್ನು ತಲೆ ಮೇಲಾಗಿ ಹಿಡಿದು, ಅದು ತಾನಾಗಿ ಚೀಪುವ ವೇಗದಲ್ಲಿ ಹನಿಹನಿಯಾಗಿ ಕೊಡಬೇಕು. ಎಂದಿಗೂ ಬೆನ್ನಮೇಲೆ ಮಲಗಿಸಿ ಕುಡಿಸಬಾರದು. ಪ್ರತಿ ಸಲವೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಒರೆಸಿದರೆ ಮೂತ್ರ ಹೊರಬರುತ್ತದೆ. ತಾಯಿ ನೆಕ್ಕಿ ಮಾಡಿಸುವ ಕೆಲಸವಿದು. ಬಿಟ್ಟರೆ ಮೂತ್ರ ಕಟ್ಟಿಕೊಳ್ಳುತ್ತದೆ.

ಸೆಕೆ ಹೆಚ್ಚಾದ ಗೂಡು

ಮರಿಗಳು ಗುಂಪಾಗದೆ ಒಂದೊಂದೂ ಒಂದೊಂದು ಮೂಲೆಗೆ ಚದುರಿ, ಕಿವಿ ಮತ್ತು ಮೈ ಕೆಂಪಾಗಿ, ಹೊಟ್ಟೆ ತುಂಬಿದ್ದರೂ ಹೊರಳಾಡುತ್ತಿದ್ದರೆ ಗೂಡು ಬಿಸಿಯಾಗಿದೆ. ಮೇಲಿನ ತುಪ್ಪಳವನ್ನು ತೆಗೆದು ಬದಿಗಿಟ್ಟು, ಪೆಟ್ಟಿಗೆಯನ್ನು ನೆರಳಿಗೂ ಗಾಳಿಯಾಡುವ ಕಡೆಗೂ ಸರಿಸಬೇಕು. ರಾತ್ರಿ ತಂಪಾಗುವಾಗ ತುಪ್ಪಳವನ್ನು ಮತ್ತೆ ಹೊದಿಸುವುದನ್ನು ಮರೆಯಬಾರದು. ಹೊರಳಾಟವನ್ನು ಹಸಿವೆಂದು ತಪ್ಪಾಗಿ ಭಾವಿಸುವುದು ಇಲ್ಲಿ ಸುಲಭ, ಆದ್ದರಿಂದ ಹೊಟ್ಟೆಯನ್ನು ನೋಡದೆ ತೀರ್ಮಾನಿಸಬೇಡಿ. ಹೊರಳಾಟಕ್ಕೆ ಇರುವೆಗಳೂ ಕಾರಣವಾಗಬಹುದು. ಹಾಲು ಮತ್ತು ರಕ್ತದ ವಾಸನೆಗೆ ಇರುವೆ ಹತ್ತಿದರೆ ಕೂದಲಿಲ್ಲದ ಮರಿಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಪಂಜರದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು ಸರಳವಾದ ತಡೆ.

ಸಾವು ಸಂಭವಿಸಿದಾಗ

ಗೂಡಿನಲ್ಲಿ ಒಂದು ಮರಿ ಸತ್ತರೆ ಇಡೀ ಗೂಡಿನಲ್ಲಿ ದೋಷವಿದೆ ಎಂದಾಗದು. ಕುಬ್ಜ ತಳಿಗಳಲ್ಲಿ ತಂದೆ, ತಾಯಿ ಇಬ್ಬರಿಂದಲೂ ಕುಬ್ಜತೆಯ ವಂಶವಾಹಿಯನ್ನು ಪಡೆದ ಮರಿ ಬದುಕುವುದಿಲ್ಲ. ತಂದೆ ತಾಯಿ ಇಬ್ಬರೂ ಆ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಹೀಗಾಗುತ್ತದೆ. ಒಡಹುಟ್ಟಿದವುಗಳಿಗಿಂತ ಎದ್ದು ಕಾಣುವಷ್ಟು ಚಿಕ್ಕದಾಗಿ, ತಲೆ ಉಬ್ಬಿ, ಹಿಂಭಾಗ ಸಣಕಲಾಗಿ ಹುಟ್ಟಿದ ಇಂಥ ಮರಿ ಎಷ್ಟೇ ಆರೈಕೆ ಮಾಡಿದರೂ ಬಹುತೇಕ ಕೆಲವೇ ದಿನಗಳಲ್ಲಿ ಹೋಗುತ್ತದೆ, ಅದಕ್ಕಾಗಿ ಸಾಕುವವರು ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ಅರೆಬರೆ ತಿಂದ ಮರಿ ಕಂಡರೆ ಮನಸ್ಸಿಗೆ ಆಘಾತವಾಗುತ್ತದೆ. ಹಲವು ಬಾರಿ ತಾಯಿ ಸತ್ತ ಮರಿಯನ್ನು ಗೂಡು ಶುಚಿಮಾಡುವ ಕ್ರಮದಲ್ಲಿ ತಿಂದಿರುತ್ತದೆ. ಆದರೂ ನೀರು, ಮೇವು, ಸದ್ದುಗದ್ದಲ, ಹತ್ತಿರ ಸುಳಿಯುವ ನಾಯಿ ಬೆಕ್ಕು ಇಲಿಗಳು, ಇವೆಲ್ಲವನ್ನೂ ಪರಿಶೀಲಿಸಬೇಕು. ಗಂಡುಮೊಲ ಅದೇ ಪಂಜರದಲ್ಲಿದ್ದರೆ ತಕ್ಷಣ ಬೇರೆ ಮಾಡಬೇಕು, ಏಕೆಂದರೆ ಮರಿ ಹಾಕಿದ ದಿನವೇ ಹೆಣ್ಣುಮೊಲ ಮತ್ತೆ ಗರ್ಭ ಧರಿಸಬಲ್ಲದು, ಗಂಡಿನ ಬೆನ್ನಟ್ಟಾಟದಲ್ಲಿ ಮರಿಗಳು ತುಳಿತಕ್ಕೆ ಸಿಲುಕುತ್ತವೆ.

ಎರಡನೆಯ ವಾರದ ಪರೀಕ್ಷೆ

ಮೊದಲ ವಾರದೊಳಗೆ ಮೈಮೇಲೆ ನವಿರಾದ ಕೂದಲು ಮೂಡುತ್ತದೆ, ಹತ್ತರಿಂದ ಹನ್ನೆರಡನೆಯ ದಿನಕ್ಕೆ ಕಣ್ಣು ಬಿಡುತ್ತವೆ. ಹನ್ನೆರಡನೆಯ ದಿನವೂ ಒಂದು ಕಣ್ಣು ಮುಚ್ಚಿಕೊಂಡೇ ಇದ್ದರೆ, ಕುದಿಸಿ ಆರಿಸಿದ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ರೆಪ್ಪೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಗಟ್ಟಿಯಾದ ಕಸರನ್ನು ನೆನೆಸಿ ಮೆಲ್ಲನೆ ಒರೆಸಬೇಕು. ರೆಪ್ಪೆಯನ್ನು ಬಲವಂತವಾಗಿ ಬಿಡಿಸಬಾರದು. ಒಳಗಿನಿಂದ ಕೀವು ಬಂದರೆ ಅಥವಾ ರೆಪ್ಪೆ ಊದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಬೇಕು, ತಡವಾದರೆ ದೃಷ್ಟಿ ಹೋಗುತ್ತದೆ. ಕೊಳಕು ಹಾಸೇ ಇದಕ್ಕೆ ಮುಖ್ಯ ಕಾರಣವಾದ್ದರಿಂದ ಒಂದು ಮರಿಯಲ್ಲಿ ಕಂಡ ದಿನವೇ ಗೂಡಿನ ಹುಲ್ಲನ್ನೆಲ್ಲ ಬದಲಿಸಿ. ಹದಿನೈದು ದಿನ ದಾಟಿದ ಮೇಲೆ ಗೂಡಿನ ಹೊರಗೆ ಮರಿ ಕಂಡರೆ ಅದು ಅಪಘಾತವಾಗಿರಬೇಕೆಂದಿಲ್ಲ, ತಾನಾಗಿಯೇ ಲೋಕ ನೋಡಲು ಹೊರಟಿರುವ ವಯಸ್ಸದು.

ಹೊಲ, ತೋಟಗಳಲ್ಲಿ ಸಿಕ್ಕ ಮರಿಗಳು

ಕನ್ನಡದಲ್ಲಿ ಮೊಲ ಎಂಬ ಒಂದೇ ಮಾತು ಬಿಲದಲ್ಲಿ ಮರಿ ಹಾಕುವ ಮೊಲ (ರ್‍ಯಾಬಿಟ್), ಬಯಲಿನ ಕಾಡುಮೊಲ (ಹೇರ್) ಎಂಬ ಎರಡು ಬಗೆಯ ಪ್ರಾಣಿಗಳಿಗೂ ಸಲ್ಲುವುದರಿಂದ ಇಲ್ಲಿ ಗೊಂದಲವಾಗುತ್ತದೆ. ಕಣ್ಣು ಬಿಟ್ಟು, ಮೈತುಂಬ ಕೂದಲಿದ್ದು, ಬಯಲಿನ ಹುಲ್ಲಿನಲ್ಲಿ ಒಂಟಿಯಾಗಿ ಅಲುಗಾಡದೆ ಕೂತಿರುವ ಚಿಕ್ಕ ಮರಿ ಕಾಡುಮೊಲದ್ದು. ಅದು ಹುಟ್ಟುವುದೇ ಹಾಗೆ, ತಾಯಿ ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಗಾಯವಿಲ್ಲದಿದ್ದರೆ ಅದನ್ನು ಎತ್ತಬಾರದು. ಕೂದಲಿಲ್ಲದ ಕುರುಡು ಮರಿಗಳು ನೆಲದ ಗುಳಿಯಲ್ಲಿ ತುಪ್ಪಳದ ನಡುವೆ ಸಿಕ್ಕರೆ, ಮೇಲಿನ ಹುಲ್ಲನ್ನು ಇದ್ದಂತೆಯೇ ಮುಚ್ಚಿ, ಅದರ ಮೇಲೆ ನಾಲ್ಕಾರು ಸಣ್ಣ ಕಡ್ಡಿಗಳನ್ನು ಅಡ್ಡಡ್ಡ ಉದ್ದುದ್ದ ಜೋಡಿಸಿ ದೂರ ಹೋಗಿ. ಮರುದಿನ ಬೆಳಗ್ಗೆ ಕಡ್ಡಿಗಳು ಸರಿದಿದ್ದು ಮರಿಗಳ ಹೊಟ್ಟೆ ದುಂಡಗಿದ್ದರೆ ತಾಯಿ ಬಂದುಹೋಗಿದೆ. ಕಡ್ಡಿಗಳು ಕದಲದೆ ಮರಿಗಳು ಸುಕ್ಕುಗಟ್ಟಿದ್ದರೆ, ಅಥವಾ ಬೆಕ್ಕು ಬಾಯಿಹಾಕಿದ ಗುರುತು ಒಂದು ಗೀರಿನಷ್ಟಾದರೂ ಕಂಡರೆ, ಮರಿಗಳನ್ನು ತುಪ್ಪಳದ ಸಮೇತ ಎತ್ತಿ ಬೆಚ್ಚಗಿಟ್ಟುಕೊಂಡು ವನ್ಯಜೀವಿಗಳ ಆರೈಕೆ ಬಲ್ಲವರಿಗೋ ಪಶುವೈದ್ಯರಿಗೋ ಒಪ್ಪಿಸಬೇಕು. ದಾರಿಯಲ್ಲಿ ಹಾಲು ಕುಡಿಸುವ ಪ್ರಯತ್ನ ಬೇಡ.